ನಾಲ್ಕಡಿ ಮೂರಂಗುಲ

ದೂರದಲ್ಲಿ ಮೂರು ಕಾಲಿನ ಯಂತ್ರದ ಹಿಂದೆ
ಎಂಜಿನಿಯರು ಒಂದು ಕಣ್ಣು ಮುಚ್ಚಿ ನಿಂತಿದ್ದಾರೆ.
ಈ ಕಡೆ ಕೋಲು ಹಿಡಿದವನು ನಾನು.
ಕೆಂಪು ಬಿಳಿ ಪಟ್ಟೆಯ ಕೋಲು, ಅಲುಗಬಾರದು,
ಅಷ್ಟೇ ಕೆಲಸ.
ಹದಿನೇಳು ವರ್ಷದಿಂದ ಮೈಸೂರಿನ ಬೀದಿಗಳಲ್ಲಿ
ಅಲುಗದೆ ನಿಂತು ಸಂಬಳ ತಗೊಂಡಿದ್ದೇನೆ.

ಮಂಡಿ ಮೊಹಲ್ಲಾದ ಈ ಬೀದಿಗೆ ಬೆಳಿಗ್ಗೆ ಆರೂವರೆಗೇ ಬಂದೆವು,
ಮೂಟೆ ಲಾರಿಗಳು ಬಾಯಿ ಕಟ್ಟುವ ಮೊದಲು.
ಬಸ್ಸಿಗೆ ಅಂತಲೇ ಒಂದು ಓಣಿ ಬರುತ್ತಂತೆ,
ಆಟೋ ನುಗ್ಗದ, ಎಮ್ಮೆ ಮಲಗದ ಓಣಿ.
ನಕ್ಷೆಯಲ್ಲಿ ಅದು ಹಸಿರು ಗೆರೆ.
ನೆಲದ ಮೇಲೆ ನೋಡಿದರೆ
ಇನಾಯತುಲ್ಲಾನ ಲಾಳ ಕಟ್ಟುವ ಕುಲುಮೆ,
ಬಾಗಿಲಿಲ್ಲದ ಒಂದು ಹಳೇ ಗೋಡೆ,
ಆಮೇಲೆ ನಿಂಗಾಜಮ್ಮನ ಅಂಗಡಿ.

ಬಕೆಟ್ಟಿನಲ್ಲಿ ಕೆಂಪು ಬಣ್ಣ. ಕುಂಚ ಹಳೆಯದು,
ಕೂದಲು ಉದುರಿಸುತ್ತದೆ,
ಬರೆದ ಅಂಕಿಗೆಲ್ಲ ಮೀಸೆ ಬರುತ್ತದೆ.
'ನನ್ ಗೋಡೇಗೂ ನಂಬರ್ ಪ್ಲೇಟ್ ಕೊಟ್ರಾ ಸಾರ್?'
ಇನಾಯತುಲ್ಲಾ ನಕ್ಕ.
ಅವನಿಗೀಗ ಹನ್ನೊಂದು ಕುದುರೆ ಗಿರಾಕಿ,
ಹೆಸರು ಹಿಡಿದು ಎಣಿಸುತ್ತಾನೆ. ಹನ್ನೊಂದನೆಯದು ಕುಂಟು.
ಪೈಪು ಎಲ್ಲಿದೆ ನೋಡಲು ಗೋಡೆ ಬುಡದಲ್ಲಿ ಟಾರು ಅಗೆದರೆ
ಪೈಪು ಸಿಗಲಿಲ್ಲ, ಕಲ್ಲಿನ ತೊಟ್ಟಿ ಸಿಕ್ಕಿತು,
ಉದ್ದಕ್ಕೆ ಮಲಗಿದ ಮನುಷ್ಯನಷ್ಟು.
'ನಮ್ ದಾದಾ ಕುದ್ರೇಗೆ ನೀರು ಕುಡಿಸ್ತಿದ್ದುದು,'
ಅಂದವನೇ ಒಳಗೆ ಕೈಯಿಟ್ಟು ನೋಡಿದ,
ನೀರು ಇನ್ನೂ ಇರಬಹುದು ಅನ್ನೋ ಹಾಗೆ.
ಎಂಜಿನಿಯರು ಬಂದು ಬರೆದುಕೊಂಡರು:
ಅಡಚಣೆ, ಒಂದು.

ನಿಂಗಾಜಮ್ಮ ಹುರಿಗಡಲೆ, ಸೊಳ್ಳೆಬತ್ತಿ,
ದಾರಕ್ಕೆ ನೇತು ಹಾಕಿದ ಶಾಂಪೂ ಪೊಟ್ಟಣ ಮಾರುತ್ತಾಳೆ.
'ಸರ್ಯಾಗ್ ಅಳಿ ಕಣಪ್ಪಾ,
ಹೋದ್ಸಾರಿ ಬಂದೋನು ಆರಡಿ ಅಂದಿದ್ದ.'
ಟೇಪು ಎಳೆದೆ. ನಾಲ್ಕಡಿ ಮೂರಂಗುಲ.
ಗೀಟು ಎಲ್ಲಿ ಬರುತ್ತದೆ ಅಂತ ಕೇಳಿ
ಸ್ಟೂಲು ಎಳಕೊಂಡು ಅದರಾಚೆ ಕೂತು ನೋಡಿದಳು.
'ಗಲ್ಲಾಪೆಟ್ಗೆ ಹೋಯ್ತು. ಸೋಡಾ ಕ್ರೇಟು ಹೋಯ್ತು.
ನಾನು ಉಳ್ಕತೀನಾ?'
'ಅಡ್ಡಡ್ಡ ಕೂತ್ರೆ ಉಳ್ಕೋತೀರಿ' ಅಂದೆ.
ಅವಳು ನಕ್ಕಳು. ನಾನು ಹಾಗನ್ನಬಾರದಿತ್ತು.

ಆಮೇಲೆ ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡುವ ದನಿಯಲ್ಲಿ,
'ನಾಲ್ಕಡಿ ತಕ್ಕೊ. ಮೂರಂಗುಲ ಬುಟ್ಬುಡು.'
ನನ್ನ ಕೈಯಲ್ಲಿ ಅಂಗುಲವೂ ಇಲ್ಲ ತಾಯಿ,
ಇರುವುದು ಕೋಲು.

'ಹೋಗ್ಲಿ, ಬಸ್ಸು ಎಲ್ ನಿಂತ್ಕತದೆ?'

ಯಾರೂ ಇದನ್ನು ಕೇಳಿದ್ದಿಲ್ಲ.
ಎಷ್ಟು ಹೋಗುತ್ತೆ ಅಂತ ಕೇಳಿದ್ದಾರೆ, ಎಷ್ಟು ಕೊಡ್ತಾರೆ ಅಂತ,
ನಿನಗೆ ಮಕ್ಕಳಿಲ್ವಾ ಅಂತ.
ಮಂಗಳವಾರ ಮಂಗಳವಾರ ಮಂಡಿ ತೋರಿಸೋಕೆ
ದೊಡ್ಡಾಸ್ಪತ್ರೆಗೆ ಹೋಗುತ್ತಾಳೆ.
ಈಗಿನ ಬಸ್ಸಿನ ಮೆಟ್ಟಿಲು ಅವಳ ಸೊಂಟದೆತ್ತರ,
ಕಂಡಕ್ಟರು ರೆಟ್ಟೆ ಹಿಡಿದು ಈರುಳ್ಳಿ ಮೂಟೆಯ ಹಾಗೆ ಎತ್ತಿಹಾಕುತ್ತಾನೆ.
ಹೊಸ ಬಸ್ಸು ಹಾಗಿಲ್ಲಮ್ಮ, ಸ್ಟಾಪಿನಲ್ಲಿ ಒಂದು ಪಕ್ಕಕ್ಕೆ ಬಾಗುತ್ತಂತೆ,
ಮಂಡಿಯೂರುತ್ತಂತೆ ಅಂದೆ.
'ಆನೆ ಹಂಗಾ?'
'ಆನೆ ಹಂಗೆ.'
ಬಹಳ ಹೊತ್ತು ಸುಮ್ಮನಿದ್ದಳು.
ಗಾಳಿಗೆ ಅವಳ ತಕ್ಕಡಿ ಖಾಲಿಯಾಗಿಯೇ ತೂಗುತ್ತಿತ್ತು.

ಸ್ಟಾಪು ನಕ್ಷೆಯಲ್ಲಿ ಎಲ್ಲೂ ಇರಲಿಲ್ಲ.
ಅದು ಬೇರೆ ಇಲಾಖೆ ಅಂದರು ಎಂಜಿನಿಯರು,
ಯಂತ್ರಕ್ಕೆ ಟೋಪಿ ತೊಡಿಸುತ್ತಾ.
ಅವಳಿಗೆ ಹೇಳಲಿಲ್ಲ.
ಹೇಳೋಣ ಅಂತ ತಿರುಗಿದಾಗ ಯಾರೋ ಹುಡುಗ
ಎರಡು ರೂಪಾಯಿ ಶಾಂಪೂ ಕೇಳುತ್ತಿದ್ದ.

ಸಂಜೆ ಮನೆಗೆ ಬಸ್ಸಿನಲ್ಲೇ ಹೋದೆ. ಸೀಟಿಲ್ಲ.
ಅಲ್ಲೂ ಒಂದು ಕಂಬ ಹಿಡಿದು ನಿಂತೆ,
ಅದೋ ಒಂದು ಕ್ಷಣ ಅಲುಗದೆ ಇರಲಿಲ್ಲ.
ಅಗ್ರಹಾರದ ಹತ್ತಿರ ಮುದುಕಿಯೊಬ್ಬಳು
ಮೆಟ್ಟಿಲಿನ ಕೆಳಗೆ ನಿಂತು ಮೇಲೆ ನೋಡಿದಳು.
ಕೈ ಕೊಟ್ಟೆ.
ಬಣ್ಣ ಪೂರ್ತಿ ಒಣಗಿರಲಿಲ್ಲ.
ಸೀರೆಗೆ ಹತ್ತಿತೋ ಏನೋ, ನೋಡುವಷ್ಟರಲ್ಲಿ
ಜನ ಒತ್ತಿದರು,
ಅವಳು ಎಲ್ಲಿಳಿದಳೋ ತಿಳಿಯಲಿಲ್ಲ.