ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ

ಅರಕಲಗೂಡು ತಾಲ್ಲೂಕು ಪಂಚಾಯಿತಿಯಲ್ಲಿ ನಾನು ದ್ವಿತೀಯ ದರ್ಜೆ.
ಮಾಹಿತಿ ಹಕ್ಕಿನ ಟಪಾಲು ನನ್ನ ಮೇಜಿನದು.
ಮೊದಲೆಲ್ಲ ಕೆಲಸ ಇಷ್ಟೇ ಇತ್ತು:
ಹತ್ತು ರೂಪಾಯಿ ಪೋಸ್ಟಲ್ ಆರ್ಡರು, ಒಂದು ಅರ್ಜಿ,
ಪುಟಕ್ಕೆರಡು ರೂಪಾಯಿಯಂತೆ ಜೆರಾಕ್ಸು,
ಮೂಲೆಗೊಂದು ಮೊಹರು.
ಬೈದುಕೊಂಡೇ ಕೊಡುತ್ತಿದ್ದೆವು.
ಕೊಡುತ್ತಿದ್ದೆವು.

ಒಳ್ಳೆಯವರಾಗಿದ್ದೆವು ಅಂತಲ್ಲ.
ಒಮ್ಮೆ ಒಂದು ಕಡತಕ್ಕೆ ಗೆದ್ದಲು ಹಿಡಿದಿದೆ ಎಂದು ಬರೆದು ಕಳಿಸಿ
ಆಮೇಲೆ, ನಿಜಕ್ಕೂ ಹಿಡಿಯಲಿ ಅಂತ,
ಜೀಪ್ ಶೆಡ್ಡಿನ ತೇವದ ಗೋಡೆಗೆ ಒರಗಿಸಿಟ್ಟವನು ನಾನೇ.
ಹಿಡಿಯಲಿಲ್ಲ.

ಈಗ ಕಾನೂನಿನಿಂದ ಒಂದು ಸಾಲು ಹೋಗಿದೆ.
ಉದ್ದದ್ದೇನಲ್ಲ. ನನ್ನ ಮಾತಿನಲ್ಲಿ ಹೇಳುವುದಾದರೆ,
ಶಾಸನಸಭೆ ಕೇಳಿದರೆ ಇಲ್ಲ ಅನ್ನಲಾಗದ್ದನ್ನು
ಬೀದಿಯವರು ಕೇಳಿದರೂ ಇಲ್ಲ ಅನ್ನಬಾರದು.
ಆ ಸಾಲಿನ ಮೇಲೆ ಕಾಲೂರಿ ನಿಂತು
ಯಾರ್ಯಾರು ಮಾತಾಡಿದ್ದರು ಈ ಮೇಜಿನ ಮುಂದೆ!
ಹೊಗೆಸೊಪ್ಪು ಬೇಯಿಸುವ ಕೂಲಿಯವನು,
ಅಂಗನವಾಡಿಯ ಅಡುಗೆಯವಳು,
ಕೊಣನೂರಿನಿಂದ ಬಸ್ಸು ಹತ್ತಿ ಬರುತ್ತಿದ್ದ ನಿವೃತ್ತ ಡ್ರಿಲ್ ಮೇಷ್ಟ್ರು,
ವಾಕ್ಯಕ್ಕೊಮ್ಮೆ ಕೆಮ್ಮು, ಕೆಮ್ಮಿಗೊಮ್ಮೆ ಕಲಮು.

ಸಾಹೇಬರು ಕಪ್ಪು ಮಾರ್ಕರು ತರಿಸಿದ್ದಾರೆ.
ಸಾದಿಲ್ವಾರು ವೆಚ್ಚ, ಒಂದು ಡಜನ್, ವೋಚರಿದೆ.
"ಹೆಸರು ಅಂದ್ರೆ ವೈಯಕ್ತಿಕ ಮಾಹಿತಿ ಕಣಯ್ಯಾ.
ಎಂಟು, ಒಂದು, ಜೆ. ಬಳಿ."
ಸಾರ್ವಜನಿಕ ಹಿತ ಅಂತ ಇನ್ನೊಂದು ಕಿಟಕಿ ಇದೆಯಲ್ಲ ಸಾರ್, ಅಂದೆ.
ಅದರ ಚಿಲಕ ನನ್ನ ಕೈಲಿದೆ, ಅಂದರು.

ಬಳಿದೆ.
ಬಿದರಕಟ್ಟೆ ಕೆರೆ ಹೂಳೆತ್ತಿದ ಹಾಜರಿ ಪಟ್ಟಿ,
ಅರವತ್ತನಾಲ್ಕು ಆಳು, ಹದಿನಾಲ್ಕು ದಿನ.
ಹೆಸರು ಬಳಿದೆ, ಅಪ್ಪನ ಹೆಸರು, ಗಂಡನ ಹೆಸರು,
ನೇರಳೆ ಹೆಬ್ಬೆಟ್ಟುಗಳನ್ನೂ ಒಂದೊಂದಾಗಿ.
ನಡುವೆ ಉಳಿದವು ಬಿನ್, ಕೋಂ,
ಬಿನ್, ಬಿನ್, ಕೋಂ.
ಕತ್ತಲಿಗೆ ಹುಟ್ಟಿದ ಕತ್ತಲು,
ಕತ್ತಲನ್ನು ಕಟ್ಟಿಕೊಂಡ ಕತ್ತಲು.
ಕೂಲಿಯ ಮೊತ್ತ ಮಾತ್ರ ಸ್ವಚ್ಛ, ಬೆಳ್ಳಗೆ.

ಹೊಂಬಾಳಮ್ಮ ಪುಟ ತಿರುಗಿಸಿದಳು, ತಿರುಗಿಸಿ ನನ್ನನ್ನು ನೋಡಿದಳು.
"ಏನ್ಸಾ ಇದು, ಕಾಡಿಗೆ ತೀಡವ್ರೆ?
ನನ್ನೆಸ್ರೆಲ್ಲಿ?"
ನಿಮ್ಮದೇ ಆದರೆ ಗುರುತಿನ ಚೀಟಿ ತಂದು
ಬೇರೆ ಅರ್ಜಿ ಹಾಕಬೇಕಮ್ಮ, ಅಂದೆ.
ನಾಲಿಗೆ ಒಣಗಿದ್ದು ಬಿಸಿಲಿಗಲ್ಲ.

"ಕೆರೇಲಿ ಬಾಣ್ಲಿ ಹೊತ್ತಾಗ
ಊರೋರೆಲ್ಲ ಏರಿ ಮ್ಯಾಲೆ ನಿಂತು ನೋಡ್ತಿದ್ರು ಸಾ.
ಆಗ ಗುಟ್ಟಿರ್ನಿಲ್ಲ.
ಕೂಲಿ ಎಲ್ಲೋಯ್ತು ಅಂದ್ರೆ ಗುಟ್ಟು ಬಂತಾ?"

ಅವಳಿಗೆ ಓದು ಬಾರದು.
ಬೆರಳಿಟ್ಟು ಕಪ್ಪು ಪಟ್ಟಿಗಳನ್ನು ಅಳೆಯತೊಡಗಿದಳು,
ಸೀರೆ ಅಂಚನ್ನು ಗೇಣಿನಲ್ಲಿ ಅಳೆಯುವಂತೆ.
"ಈ ಮೋಟು ನಮ್ ಮಂಜ. ಇದು ಸಿದ್ದಿ.
ಇದು ನಾನೇ ಇರ್ಬೇಕು, ಪಕ್ದಲ್ಲಿ ಉದ್ದುಕ್ಕೆ ನಮ್ ಕಾಳತಮ್ಮಯ್ಯ."
ನಲವತ್ತೊಂಬತ್ತಕ್ಕೆ ಬಂದು ನಿಂತಳು.
"ಕೆಲಸಕ್ಕೆ ಬಂದಿದ್ದು ಇಷ್ಟೇ ಜನ.
ಉಳ್ದೋರು ಯಾರು ಸಾ?
ಇಷ್ಟುದ್ದ ಹೆಸರು ನಮ್ ಕೇರೀಲಿ ಯಾರೂ ಇಟ್ಕೊಂಡಿಲ್ಲ."

ಆ ಹದಿನೈದು ನನಗೆ ಗೊತ್ತು.
ನನ್ನ ಕೈಯಲ್ಲೇ ಮುಳುಗಿದವು.
ಮೂರಕ್ಕೆ ಒಂದೇ ಮನೆಯ ಅಪ್ಪ.
ಫ್ಯಾನು ತಿರುಗುತ್ತಿತ್ತು. ನಾನು ಫ್ಯಾನನ್ನೇ ನೋಡುತ್ತಿದ್ದೆ.

ಮೇಲ್ಮನವಿ ಬರೆದುಕೊಡು ಅಂದಳು.
ನಾನು ಬರೆಯುವ ಹಾಗಿಲ್ಲ.
ಎದುರಿನ ಬಾಂಡ್ ರೈಟರ್ ಜಬ್ಬಾರ್ ಸಾಬರ ಹತ್ತಿರ ಬರೆಸಿಕೊಂಡು
ಅರ್ಧ ಗಂಟೆಯಲ್ಲಿ ವಾಪಸು ಬಂದಳು, ಹೆಬ್ಬೆಟ್ಟು ಇನ್ನೂ ಹಸಿ.
ಆವಕ ಪುಸ್ತಕ ತೆಗೆದು
ಕ್ರಮಸಂಖ್ಯೆ, ದಿನಾಂಕ,
ಹೊಂಬಾಳಮ್ಮ ಕೋಂ ಕಾಳತಮ್ಮಯ್ಯ, ಬಿದರಕಟ್ಟೆ,
ಒತ್ತಿ ಬರೆದೆ, ಕೆಳಗಿನ ಹಾಳೆಗೂ ಅಚ್ಚು ಬೀಳುವಷ್ಟು.
ನಾಳೆ ಯಾರಾದರೂ ಈ ಪುಸ್ತಕ ಕೇಳಿದರೆ
ಇದನ್ನೂ ಬಳಿಯಬೇಕು.

ಸಂಜೆ ಬೀಗ ಹಾಕುವಾಗ
ಮಾರ್ಕರಿನ ಮುಚ್ಚಳ ಮೇಜಿನ ಮೇಲೇ ಉಳಿಯಿತು.
ಮರೆತೆ ಅಂತಿಟ್ಟುಕೊಳ್ಳಿ.
ಬೆಳಿಗ್ಗೆ ಅದು ಒಣಗಿತ್ತು.

ಇನ್ನೂ ಹನ್ನೊಂದಿವೆ.