ನೆರೆಹೊರೆ

ಲೇಕ್ ಚಾರ್ಲ್ಸಿನಲ್ಲಿ ನಮ್ಮದು ಕಿಟಕಿಯಂಗಡಿ.
ಗಾಜು ಅಳೆಯಲು ಇಬ್ಬರು,
ಗಾಳಿ ಅಳೆಯಲು ನಾನೊಬ್ಬಳು,
ಅದೂ ಕುರ್ಚಿಯಲ್ಲಿ ಕೂತು.

ಕಂಪ್ಯೂಟರು ಕೇಳುವುದು ಹೆಚ್ಚೇನಿಲ್ಲ:
ಅಗಲವೆಷ್ಟು, ಎತ್ತರವೆಷ್ಟು,
ನೆಲದಿಂದ ಸೂರಿಗೆ ಎಷ್ಟು ಅಡಿ,
ಗೋಡೆಯ ನಡುವೆಯೋ ಮೂಲೆಗೆ ಹತ್ತಿರವೋ,
ಆ ಕರಾವಳಿಯ ಗಾಳಿ ಗಂಟೆಗೆ ಎಷ್ಟು ಮೈಲಿ.
ಕಿಟಕಿಯ ಹಿಂದೆ ಯಾರು ಮಲಗುತ್ತಾರೆ
ಎಂದು ಈವರೆಗೆ ಕೇಳಿದ್ದಿಲ್ಲ.

ಓಡೀಲ್ ಟೆರಿಯೋ ಬಂದದ್ದು ಮಂಗಳವಾರ,
ಐಸಿನಲ್ಲಿಟ್ಟ ಸಿಗಡಿಯ ಡಬ್ಬಿ ಹಿಡಿದು –
ರಿಯಾಯಿತಿ ಕೇಳುವ ಮುನ್ನದ ಪೀಠಿಕೆ.
"ಮೂಲೆಯ ಕಿಟಕಿಗೆ ಯಾಕೆ ಹೆಚ್ಚು ದುಡ್ಡು?
ಅದೇ ಅಳತೆ, ಅದೇ ಚೌಕಟ್ಟು, ಅದೇ ಗಾಜು."

ಗಾಳಿ ದೂಡುತ್ತದೆ ಅಂತ ಎಲ್ಲರಿಗೂ ಗೊತ್ತು, ಅಂದೆ,
ದೂಡುವುದು ಅದರ ಸಣ್ಣ ಕೆಲಸ.
ಮನೆಯ ಮೂಲೆ ಬಳಸಿ ಹೊರಳುವಾಗ
ಅದು ಎಳೆಯುತ್ತದೆ,
ನೀವು ಕ್ರಾಫಿಶ್ಶಿನ ತಲೆ ಮುರಿದು
ರಸ ಹೀರುವ ಹಾಗೆ.
ಆ ವರ್ಷ ನಮ್ಮಂಗಡಿಯ ಶಟರು
ಒಳಗೆ ಬಿದ್ದಿರಲಿಲ್ಲ,
ರಸ್ತೆಯಾಚೆ ಬಿದ್ದಿತ್ತು.
ಅದಕ್ಕೇ ನೋಡಿ, ಅಂಕಿಯ ಮುಂದೊಂದು ಅಡ್ಡಗೆರೆ:
ಮೈನಸ್ ನಲವತ್ತೊಂಬತ್ತು.
ಚದರಡಿಗೆ ಅಷ್ಟು ಪೌಂಡು. ಹೊರಕ್ಕೆ.

ಅದು ಹಳೆಯ ಕಡತದ ಲೆಕ್ಕ.
ಮತ್ತೆ ಒಂದೊಂದೇ ತುಂಬುತ್ತ ಬಂದೆ,
ಕೊನೆಗೊಂದು ಪ್ರಶ್ನೆ ಉಳಿಯಿತು: ಸುತ್ತಮುತ್ತ ಏನಿದೆ?
ಬಿ ಅಂದರೆ ಮನೆಗಳು, ಮರಗಳು,
ಗಾಳಿಗೆ ಎಡವಲು ಸಾಲುಸಾಲಾಗಿ ಏನಾದರೂ.
ಸಿ ಅಂದರೆ ಬಯಲು.
ಕಡತದಲ್ಲಿ ಬಿ ಇತ್ತು.

"ಬಿ ಅಂತಲೇ ಇರಲಿ ಬಿಡು, ಅಗ್ಗವಾಗುತ್ತದಲ್ಲ."

ಉಪಗ್ರಹದ ಚಿತ್ರ ತೆರೆದೆ. ಹೊಸದು.
ಕೊಕ್ಕರೆಗಾಲಿನ ಮೇಲೆ ಅವಳದೊಂದೇ ಮನೆ.
ಸುತ್ತ ಬೋಳು ಕಾಂಕ್ರೀಟಿನ ಚೌಕಗಳು,
ಆಕಾಶಕ್ಕೆ ಹತ್ತಿ ನಿಂತುಬಿಟ್ಟ ಮೆಟ್ಟಿಲುಗಳು,
ಹುಲ್ಲಿನಲ್ಲಿ ಬಿಳಿಯದೊಂದು ಸ್ನಾನದ ತೊಟ್ಟಿ.

ಓಡೀಲ್ ಪರದೆಗೆ ಬೆರಳಿಟ್ಟಳು.
"ಇದು ಕ್ಲೋವಿಸ್.
ಇದು ಮೆದ್ರಿಕ್, ಅವನ ತಂಗಿ. ಮಾತಿರಲಿಲ್ಲ ನಮಗೆ,
ಬೇಲಿಯ ಜಗಳ.
ಇಲ್ಲಿ ಓಕ್ ಮರ.
ಇದು ಯಾರೋ ಬಾಡಿಗೆಯವರು, ಹೆಸರು ಕೇಳಲೇ ಇಲ್ಲ ನೋಡು.
ಸತ್ತವರಿಲ್ಲ, ಮತ್ತೆ! ವಿಮೆ ಬಂತು,
ಟೆಕ್ಸಸ್ಸಿಗೆ ಹೋದರು."

ನೆರೆ ಬಂತು, ನೆರೆ ಹೋಯಿತು.

ಸಿ ಒತ್ತಿದೆ.
ನಲವತ್ತೊಂಬತ್ತು ಎಪ್ಪತ್ತಾಯಿತು.
ಹದಿನೈದು ಚದರಡಿಯ ಕಿಟಕಿ,
ಚದರಡಿಗೆ ಇಪ್ಪತ್ತೊಂದು ಹೆಚ್ಚು:
ಮುನ್ನೂರ ಹದಿನೈದು ಪೌಂಡು.
ಇಷ್ಟು ವರ್ಷ ಈ ಒಂದು ಕಿಟಕಿಯ ಮಟ್ಟಿಗೆ
ಅವರು ತಡೆದದ್ದು ಇಷ್ಟು,
ಬೇಲಿಯ ಜಗಳದವರೂ ಸೇರಿ.

ಓಡೀಲ್ ನಕ್ಕಳು.
"ಕ್ಲೋವಿಸ್ ಒಬ್ಬನೇ ಅಷ್ಟಿದ್ದ.
ಮಿಕ್ಕವರನ್ನು ನಿನ್ನ ಯಂತ್ರ
ಲೆಕ್ಕಕ್ಕೇ ಹಿಡಿದಿಲ್ಲ."

ಆಮೇಲೆ ಸುಮ್ಮನೆ ಕೂತಳು.
ನೆರೆ ಕಳೆದ ಮೇಲೆ
ಪದದಲ್ಲಿ ಉಳಿಯುವುದು ಹೊರೆ.
ಅದನ್ನು ನಾನು
ಎರಡು ದಶಮಾಂಶದವರೆಗೆ ಹೇಳಬಲ್ಲೆ.

"ಯಾರಾದರೂ ಬಂದು ಮನೆ ಕಟ್ಟಿದರೆ
ತಿರುಗಿ ಬಿ ಆಗುತ್ತದಾ?"
ಒಂದು ಮನೆ ಸಾಲದು.
ಗಾಳಿ ಬರುವ ದಿಕ್ಕಿಗೆ ಸಾವಿರದೈನೂರು ಅಡಿ,
ಮನೆಯೋ ಮರವೋ, ಎಡೆಬಿಡದೆ ಇರಬೇಕು.
ಡಬ್ಬಿಯ ಮುಚ್ಚಳದ ಮೇಲೆ ಅದನ್ನು ಗೀಚಿಕೊಂಡಳು,
ಮುಚ್ಚಳ ಮಾತ್ರ ಬ್ಯಾಗಿಗೆ ಹಾಕಿಕೊಂಡಳು.

"ಸಸಿ ನೆಟ್ಟರೆ?"

ಸಸಿಗೆ ಕಲಂ ಇಲ್ಲ.
ಕೆಳಗೆ ಷರಾ ಎಂಬ ಖಾಲಿ ಜಾಗವಿದೆ.
ಅವಳು ನೋಡುತ್ತಿರುವಂತೆ ಟೈಪು ಮಾಡಿದೆ:
ಓಕ್, ಮೂರು ಸಾಲು, ಉದ್ದೇಶಿತ.
ಕಾಗುಣಿತ ಸರಿಯೇ ಎಂದು ಬಗ್ಗಿ ನೋಡಿದಳು,
ಎಪ್ಪತ್ತರ ಕಿಟಕಿಗೆ ಸಹಿ ಹಾಕಿದಳು,
ರಿಯಾಯಿತಿ ಕೇಳದೆ ಎದ್ದಳು.

ಮುದ್ರಿಸಿದ ಪ್ರತಿಯಲ್ಲಿ ಷರಾ ಬರುವುದಿಲ್ಲ.
ಹೇಳಲು ಬಾಗಿಲತನಕ ಹೋದೆ,
ಬಾಗಿಲು ಹಿಡಿದುಕೊಂಡೆ, ಅಷ್ಟೆ.
ಹೊರಗೆ ಸ್ವಲ್ಪ ಗಾಳಿ ಇತ್ತು.