ಲಗೇಜ್ ಟಿಕೆಟ್

ಹದಿನೇಳು ಇರಬೇಕು. ಮತ್ತೆ ಎಣಿಸಿದೆ.
ಹದಿನಾರು.
ಮೂವತ್ತೊಂದು ವರ್ಷ ತಲೆ ಎಣಿಸಿದ ಕಣ್ಣು,
ದೀಪಾವಳಿಯ ಹಿಂದಿನ ರಾತ್ರಿ ಮೆಜೆಸ್ಟಿಕ್ಕಿನಲ್ಲೂ
ಒಂದು ತಲೆ ತಪ್ಪಿಸಿದ್ದಿಲ್ಲ.

ಗೇಟಿನ ಪಕ್ಕ ಕಡಪಾ ಕಲ್ಲಿನ ಮೇಲೆ
ದುಂಡಗೆ ಒಂದು ಒದ್ದೆ ಗುರುತು.
ಕುಂಡದಡಿಯ ಇರುವೆಗಳು
ಮೊಟ್ಟೆ ಹೊತ್ತು ಮನೆ ಖಾಲಿ ಮಾಡುತ್ತಿದ್ದವು.

ಹೋದದ್ದು ಅಡೇನಿಯಂ.
ಉಂಡು ಕೂತ ಬೀಗರ ಹೊಟ್ಟೆಯಂಥ ಬುಡ,
ಮೇಲೆ ನಾಲ್ಕೇ ಎಲೆ, ಗುಲಾಬಿ ಬಣ್ಣದ ಹೂ.
ಸಿದ್ದಾಪುರದ ನರ್ಸರಿಯಲ್ಲಿ ನಲವತ್ತು ರೂಪಾಯಿಗೆ
ಹಾಲಿನ ಕವರಿನಲ್ಲಿ ಕೊಂಡ ಗೇಣುದ್ದದ ಸಸಿ.
ನನ್ನದೇ ಬಸ್ಸು, ಡ್ಯೂಟಿಯ ಕಡೇ ಟ್ರಿಪ್ಪು.
ಡ್ರೈವರ್ ಚೌಡಯ್ಯ ಕನ್ನಡಿಯಲ್ಲಿ ನಗುತ್ತಿದ್ದಂತೆ
ನನಗೆ ನಾನೇ ಲಗೇಜ್ ಟಿಕೆಟ್ ಹರಿದುಕೊಂಡು
ಜೇಬಿನ ಚಿಲ್ಲರೆ ಚೀಲಕ್ಕೆ ಹಾಕಿದ್ದೆ.

ಎದುರುಮನೆ ಫಿಲೋಮಿನಾ ತಮ್ಮ ಕ್ಯಾಮೆರಾ ತೋರಿಸಿದರು.
ಬೆಳಗಿನ ಜಾವ ನಾಲ್ಕು ಹನ್ನೆರಡು. ಸ್ಕೂಟರು. ಇಬ್ಬರು.
ಅವನು ಹೆಲ್ಮೆಟ್ಟು ತೆಗೆಯಲಿಲ್ಲ.
ಅವಳು ಕ್ರೋಟನ್ ನೋಡಿದಳು, ಬೇಡ.
ದಾಸವಾಳ ಮುಟ್ಟಿದಳು, ಬೇಡ.
ಅಂಗಡಿಯಲ್ಲಿ ಸೀರೆ ಆರಿಸುವ ಸಾವಧಾನ.
ಎತ್ತುವಾಗ ಒಂದಿಷ್ಟು ಮಣ್ಣು ಚೆಲ್ಲಿತು.
ಅವಳು ಕೂತು, ಅಂಗೈಯಿಂದ ಬಳಿದು,
ಕುಂಡಕ್ಕೇ ತುಂಬಿದಳು.
ಅದೊಂದನ್ನು ಮೂರು ಸಲ ಹಾಕಿಸಿ ನೋಡಿದೆ.

ಠಾಣೆಯಲ್ಲಿ ರೈಟರ್ ಪೆನ್ನು ಕೆಳಗಿಟ್ಟ.
"ಸರಗಳ್ಳರನ್ನೇ ಹಿಡಿಯಕ್ಕಾಗ್ತಿಲ್ಲ ಯಜಮಾನ್ರೆ.
ಸರಿ, ಬೆಲೆ ಎಷ್ಟು ಅಂತ ಬರೀಲಿ?"
ನಲವತ್ತು ಅನ್ನಲೇ? ಹದಿನಾಲ್ಕು ಬೇಸಗೆ ಅನ್ನಲೇ?
"ಲಗೇಜಿಗೆ ಆರು ರೂಪಾಯಿ" ಅಂದುಬಿಟ್ಟೆ.
ಅವನು ಬರೆಯಲಿಲ್ಲ.

ಅಂದಿನಿಂದ ನನ್ನ ವಾಕಿಂಗು ಚೆಕಿಂಗಾಗಿದೆ.
ಕತ್ರಿಗುಪ್ಪೆಯ ಒಂದೊಂದು ಕ್ರಾಸು, ಒಂದೊಂದು ಗ್ರಿಲ್ಲು.
ಟಿಕೆಟ್ಟಿಲ್ಲದವರು ಕಿಟಕಿಗೆ ಮುಖ ತಿರುಗಿಸುವ ಬಗೆ
ನನಗೆ ಗೊತ್ತು.
ಗಿಡಗಳು ತಿರುಗಿಸುವುದಿಲ್ಲ.

ಮೊನ್ನೆ, ನೀರಿನ ಟ್ಯಾಂಕಿನ ಹಿಂದಿನ ಗಲ್ಲಿ.
ಹೊಸ ಬಣ್ಣ ಬಳಿದ ಕುಂಡ, ಅದೇ ಹೊಟ್ಟೆ.
ಎಡಗಡೆ, ನಾನು ಕೊಂಬೆ ಕೊಯ್ದು ಅರಿಶಿನ ಮೆತ್ತಿದ ಗಾಯ
ಇದ್ದಂತಿತ್ತು. ಕನ್ನಡಕ ತಂದಿರಲಿಲ್ಲ.
ಪೈಪು ಹಿಡಿದ ಹುಡುಗಿ, ಸ್ಕೂಲ್ ಯೂನಿಫಾರಮ್ಮು,
ಇನ್ನೂ ಒಂದೇ ಜಡೆ ಹೆಣೆದಾಗಿದೆ,
"ಯಾರು ಬೇಕು ತಾತ?" ಅಂದಳು.

ಗಂಟಲಲ್ಲಿ ಸೀಟಿ ಸಿಕ್ಕಿಕೊಂಡಿತು.

"ಅದಕ್ಕೆ ದಿನಾ ನೀರು ಹಾಕಬಾರದಮ್ಮ,
ಬುಡ ಕೊಳೆಯುತ್ತೆ."

ಹೂಂ ಅಂತ ತಲೆಯಾಡಿಸಿದಳು.
ಪೈಪು ನಿಲ್ಲಿಸಲಿಲ್ಲ.